ಕೂಸಿನ ಜೊತೆ ಹಾಡೋದು, ಬಡಿಯೋದು, ಕುಣಿಯೋದು: ತಂದೆ-ತಾಯಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಲಬುರಗಿಯಲ್ಲಿ ಚಿಕ್ಕ ಮಕ್ಕಳಿಗೆ ಹಾಡು ಕಲಿಸುತ್ತೇನೆ. ಮಕ್ಕಳನ್ನು ಬಿಡೋಕೆ ಬರುವ ಅಪ್ಪ-ಅವ್ವಂದಿರು, ಆಯಿ-ಮುತ್ಯಾಗಳು (ಅಜ್ಜಿ-ಅಜ್ಜಂದಿರು) ಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಇರುತ್ತವೆ. ಅವಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ. ಹುಟ್ಟಿದ ಕೂಸಿನಿಂದ ಹಿಡಿದು ಐದಾರು ವರ್ಷದ ಮಕ್ಕಳವರೆಗೆ ಇದು ನಡೆಯುತ್ತದೆ, ದೊಡ್ಡ ಮಕ್ಕಳ ಬಗ್ಗೆಯೂ ಕೊನೆಗೆ ಒಂದು ಪ್ರಶ್ನೆ ಇದೆ. ಮಗುವನ್ನು ದೊಡ್ಡ ಹಾಡುಗಾರ ಮಾಡೋದು ಹೇಗೆ ಅಂತ ಹುಡುಕಿಕೊಂಡು ಬಂದಿದ್ದರೆ ಅದು ಇಲ್ಲಿ ಸಿಗಲ್ಲ. ಹಾಡಿನಿಂದ ನೀವು ಮತ್ತು ನಿಮ್ಮ ಮಗು ಹತ್ತಿರ ಆಗೋದು ಹೇಗೆ, ಅಷ್ಟೇ ಇಲ್ಲಿನ ವಿಷಯ.

ಕೂಸಿಗೆ ಇನ್ನೂ ಮಾತೇ ಬರಲ್ಲ. ಈಗ ಹಾಡಿದರೆ ಅದಕ್ಕೆ ಏನು ತಿಳಿಯುತ್ತೆ?

ಪದಗಳ ಅರ್ಥ ತಿಳಿಯಲ್ಲ. ನಿಮ್ಮ ದನಿ ಚೆನ್ನಾಗಿ ತಿಳಿಯುತ್ತೆ.

ಹೊಟ್ಟೆಯಲ್ಲಿರುವಾಗಲೇ, ಸುಮಾರು ಆರು ತಿಂಗಳು ತುಂಬುವ ಹೊತ್ತಿಗೆ, ಕೂಸಿನ ಕಿವಿ ಕೆಲಸ ಶುರು ಮಾಡಿರುತ್ತದೆ. ಹೊರಗಿನ ಸದ್ದು ಅದಕ್ಕೆ ಮಂದವಾಗಿ ಕೇಳಿಸಿದರೂ ಅವ್ವನ ದನಿ ಅವಳ ಮೈಯೊಳಗಿಂದಲೇ ಹಾದು ಬರುತ್ತದೆ. 1980ರಲ್ಲಿ ಅಮೆರಿಕದಲ್ಲಿ ಇಬ್ಬರು ಸಂಶೋಧಕರು ಹುಟ್ಟಿ ಮೂರು ದಿನವೂ ಆಗದ ಕೂಸುಗಳ ಬಾಯಿಗೆ ನಿಪ್ಪಲ್ ಕೊಟ್ಟು ಒಂದು ಪರೀಕ್ಷೆ ಮಾಡಿದರು. ಒಂದು ಬಗೆಯಲ್ಲಿ ಚೀಪಿದರೆ ಅವ್ವನ ದನಿ ಕೇಳಿಸುತ್ತಿತ್ತು, ಇನ್ನೊಂದು ಬಗೆಯಲ್ಲಿ ಚೀಪಿದರೆ ಬೇರೆ ಹೆಂಗಸಿನ ದನಿ. ಕೂಸುಗಳು ಅವ್ವನ ದನಿ ಬರುವ ಹಾಗೇ ಚೀಪಿದವು. ಮೂರು ದಿನದ ಕೂಸು ಅಂದರೆ ನೋಡಿ, ಕಣ್ಣು ಕೂಡ ಸರಿಯಾಗಿ ನಿಂತಿರಲ್ಲ.

2015ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಇನ್ನೊಂದು ಅಧ್ಯಯನ ನಡೆಯಿತು. ಒಂದು ವರ್ಷದೊಳಗಿನ ಮಕ್ಕಳಿಗೆ ಅವರು ಎಂದೂ ಕೇಳಿರದ ತುರ್ಕಿ ಭಾಷೆಯಲ್ಲಿ ಒಮ್ಮೆ ಹಾಡು, ಒಮ್ಮೆ ಮುದ್ದಿನ ಮಾತು ಕೇಳಿಸಿದರು. ಮಾತಿಗೆ ಸುಮಾರು ನಾಲ್ಕು ನಿಮಿಷ ಸುಮ್ಮನಿದ್ದ ಮಕ್ಕಳು ಹಾಡಿಗೆ ಸುಮಾರು ಒಂಬತ್ತು ನಿಮಿಷ ಸಮಾಧಾನವಾಗಿದ್ದರು. ಅದೂ ಪರಕೀಯ ಭಾಷೆ, ಪರಕೀಯ ದನಿ, ರೆಕಾರ್ಡಿಂಗ್ ಬೇರೆ. ಹಾಗಿದ್ದರೆ ನಿಮ್ಮ ಮೈಶಾಖದಲ್ಲಿ ಮಲಗಿ, ನಿಮ್ಮ ದನಿಯಲ್ಲೇ ಕೇಳಿದರೆ? ನಮ್ಮಲ್ಲಿ ತೊಟ್ಟಿಲ ಶಾಸ್ತ್ರದ ದಿನ ಕೂಸನ್ನು ತೊಟ್ಟಿಲಿಗೆ ಹಾಕಿ ಓಣಿಯ ಹೆಣ್ಣುಮಕ್ಕಳೆಲ್ಲ ಸುತ್ತ ನಿಂತು ಜೋಗುಳ ಹೇಳುತ್ತಾರಲ್ಲ, ಆ ಹಾಡು ಒಂದು ದಿನಕ್ಕೇ ನಿಲ್ಲೋದು ಬೇಡ. ಮರುದಿನದಿಂದ ನೀವೇ ಹೇಳಿ.

ನನಗೆ ಹಾಡೋಕೆ ಬರಲ್ಲ. ದನಿ ಒರಟು. ಏನು ಮಾಡಲಿ?

"ನಂಗ ಹಾಡ್ಲಾಕ ಬರಲ್ರಿ ಮೇಡಂ." ಇದನ್ನು ನಾನು ಕೇಳದ ವಾರವೇ ಇಲ್ಲ. ಹೇಳುವವರಲ್ಲಿ ಗಂಡಸರು ಜಾಸ್ತಿ.

ನಿಮ್ಮ ಮಗುವಿಗೆ ಶ್ರುತಿ ಪೆಟ್ಟಿಗೆ ಬೇಕಾಗಿಲ್ಲ, ನೀವು ಬೇಕು. ಸ್ವರ ತಪ್ಪಿತು ಅಂತ ಯಾವ ಕೂಸೂ ಮುಖ ತಿರುಗಿಸಲ್ಲ. ಅದು ನೋಡೋದು ನಿಮ್ಮ ಕಣ್ಣು ಅದರ ಕಡೆ ಇದೆಯಾ, ನಿಮ್ಮ ದನಿ ಅದರ ಸಲುವಾಗಿ ಮೇಲೆ ಕೆಳಗೆ ಆಗ್ತಿದೆಯಾ ಅಂತ. ಮಕ್ಕಳ ಎದುರು ಹಾಡುವಾಗ ದೊಡ್ಡವರ ದನಿ ತಾನಾಗಿಯೇ ಸ್ವಲ್ಪ ಎತ್ತರಕ್ಕೆ ಹೋಗುತ್ತದೆ, ನಿಧಾನ ಆಗುತ್ತದೆ, ಮುಖದಲ್ಲಿ ನಗು ಬರುತ್ತದೆ. ಸಂಶೋಧಕರು ಎಷ್ಟೋ ದೇಶಗಳಲ್ಲಿ ಇದನ್ನು ಗಮನಿಸಿದ್ದಾರೆ. ಇದನ್ನು ಯಾರೂ ಕಲಿಸಿಕೊಡಲ್ಲ, ನಿಮಗೂ ಅದು ಬಂದೇ ಬರುತ್ತದೆ.

ಹಾಡಲೇಬೇಕು ಅಂತಲೂ ಇಲ್ಲ. ಗಾಡಿ ಓಡಿಸುವ ಒಬ್ಬ ಅಪ್ಪ ಇದ್ದಾರೆ, ಬಾಯಿಬಿಟ್ಟು ಒಂದು ಸಾಲೂ ಹಾಡಲ್ಲ. ಸಂಜೆ ಮಗಳನ್ನು ಕರೆದುಕೊಂಡು ಹೋಗೋಕೆ ಬಂದಾಗ ಬೈಕಿನ ಮುಂದೆ, ಟ್ಯಾಂಕಿನ ಮೇಲೆ ಕೂರಿಸುತ್ತಾರೆ. ಗಾಡಿ ಶುರು ಮಾಡುವ ಮೊದಲು ಟ್ಯಾಂಕಿನ ಮೇಲೆ ಬೆರಳಿನಿಂದ ಟಕ್ ಟಕ್ ಟಕಾ ಅಂತ ಬಡಿಯುತ್ತಾರೆ. ಮಗಳು ಅದನ್ನೇ ಬಡಿದು ತೋರಿಸುತ್ತಾಳೆ. ಆಮೇಲೆ ಅವಳು ಏನಾದರೂ ಹೊಸದು ಬಡಿಯುತ್ತಾಳೆ, ಅವರು ಅದನ್ನು ತಿರುಗಿ ಬಡಿಯಬೇಕು. ತಪ್ಪಿದರೆ ಅವಳು ಗಾಡಿ ಹೊರಡೋಕೆ ಬಿಡಲ್ಲ! ಅವರಿಬ್ಬರ ಪಾಲಿಗೆ ಸಂಗೀತ ಅಂದರೆ ಅದೇ, ಮತ್ತು ನನಗೆ ಕೇಳಿದರೆ ಅದರಲ್ಲಿ ಏನೂ ಕಡಿಮೆ ಇಲ್ಲ.

ಒಟ್ಟಿಗೆ ಹಾಡಿದರೆ, ತಾಳ ಹಾಕಿದರೆ ಸಂಬಂಧ ಗಟ್ಟಿ ಆಗೋದು ಹೇಗೆ? ಸುಮ್ನೆ ಹೇಳೋ ಮಾತಾ ಇದು?

ಸುಮ್ನೆ ಹೇಳೋ ಮಾತಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಉಳಿದ ಉತ್ತರಗಳೆಲ್ಲ ಇದರ ಮೇಲೇ ನಿಂತಿವೆ.

ಇಬ್ಬರು ಒಂದೇ ಲಯದಲ್ಲಿ ಮೈ ಆಡಿಸಿದಾಗ ಅವರ ನಡುವೆ ಒಂದು ಸಲಿಗೆ, ಒಂದು ನಂಬಿಕೆ ಹುಟ್ಟುತ್ತದೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ 14 ತಿಂಗಳ ಮಕ್ಕಳ ಜೊತೆ ಇದನ್ನು ನೋಡಿದರು, 2014ರಲ್ಲಿ ಅದು ಪ್ರಕಟವಾಯಿತು. ಒಬ್ಬರು ಮಗುವನ್ನು ಎದೆಗೆ ಕಟ್ಟಿಕೊಂಡು ಹಾಡಿಗೆ ಸರಿಯಾಗಿ ಕುಣಿಸುತ್ತಿದ್ದರು. ಎದುರಿಗೆ ಇನ್ನೊಬ್ಬರು ನಿಂತು ತಾವೂ ಕುಣಿಯುತ್ತಿದ್ದರು. ಕೆಲವು ಮಕ್ಕಳ ಮುಂದೆ ಅವರು ಅದೇ ಲಯಕ್ಕೆ ಕುಣಿದರು, ಕೆಲವು ಮಕ್ಕಳ ಮುಂದೆ ಬೇಕಂತಲೇ ಲಯ ತಪ್ಪಿಸಿದರು. ಆಮೇಲೆ ಎದುರಿಗಿದ್ದವರು ಬಟ್ಟೆ ಒಣಹಾಕುವ ಹಾಗೆ ಮಾಡಿ ಕ್ಲಿಪ್ ಕೆಳಗೆ ಬೀಳಿಸಿದರು. ತಮ್ಮ ಲಯಕ್ಕೇ ಕುಣಿದಿದ್ದವರಿಗೆ ಮಕ್ಕಳು ಕ್ಲಿಪ್ ಎತ್ತಿಕೊಟ್ಟಿದ್ದು ಜಾಸ್ತಿ. ಈಗಷ್ಟೇ ನಡೆಯೋಕೆ ಕಲಿಯುವ ವಯಸ್ಸಿನ ಮಕ್ಕಳು ಇವು.

ನಾಲ್ಕು ವರ್ಷದ ಮಕ್ಕಳ ಜೊತೆ ಜರ್ಮನಿಯ ಲೈಪ್‌ಜಿಗ್‌ನಲ್ಲೂ ಇಂಥದ್ದೇ ಕಂಡಿತು. ಒಟ್ಟಿಗೆ ಹಾಡಿ ಬಾರಿಸಿ ಕುಣಿದ ಮಕ್ಕಳು, ಹಾಡಿಲ್ಲದೆ ಅದೇ ಆಟ ಆಡಿದ ಮಕ್ಕಳಿಗಿಂತ, ಆಮೇಲೆ ಒಬ್ಬರಿಗೊಬ್ಬರು ಹೆಚ್ಚು ನೆರವಾದರು.

ಆಸ್ಟ್ರೇಲಿಯಾದಲ್ಲಿ ಸಾವಿರಾರು ಮನೆಗಳ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ದೊಡ್ಡ ಅಧ್ಯಯನ ಒಂದಿದೆ. ಎರಡು ಮೂರು ವರ್ಷದವರಿದ್ದಾಗ ಮನೆಯಲ್ಲಿ ದೊಡ್ಡವರ ಜೊತೆ ಹಾಡುತ್ತಿದ್ದ, ಬಾರಿಸುತ್ತಿದ್ದ ಮಕ್ಕಳು ನಾಲ್ಕೈದು ವರ್ಷಕ್ಕೆ ಬಂದಾಗ ಬೇರೆಯವರ ಜೊತೆ ಹೊಂದಿಕೊಳ್ಳುವುದರಲ್ಲಿ ಸ್ವಲ್ಪ ಮುಂದಿದ್ದರು. ಪುಸ್ತಕ ಓದಿಸುವುದರಿಂದ ಬರುವ ಲಾಭವನ್ನು ಬೇರೆ ತೆಗೆದಿಟ್ಟು ಲೆಕ್ಕ ಹಾಕಿದರೂ ಇದು ಉಳಿಯಿತು. 'ಸ್ವಲ್ಪ' ಅನ್ನೋದನ್ನು ಒತ್ತಿ ಹೇಳುತ್ತೇನೆ. ಹಾಡಿದರೆ ಎಲ್ಲಾ ಸರಿ ಹೋಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಮನೆಯ ಲೆಕ್ಕದಲ್ಲಿ ಹೇಳಬೇಕು ಅಂದರೆ, ಹಾಡುವಾಗ ನೀವು ಮಗುವಿಗೆ ಏನನ್ನೂ ಹೇಳಿ ಮಾಡಿಸ್ತಾ ಇರಲ್ಲ. ಉಣ್ಣು, ಮಲಗು, ಅದು ಮುಟ್ಟಬೇಡ, ಇಲ್ಲಿ ಬಾ, ದಿನವಿಡೀ ನಮ್ಮ ಬಾಯಲ್ಲಿ ಇದೇ ಅಲ್ವಾ? ಹಾಡಿನ ಹೊತ್ತಲ್ಲಿ ಇಬ್ಬರೂ ಸಮ. ಒಬ್ಬರು ಎತ್ತಿಕೊಟ್ಟಿದ್ದನ್ನು ಇನ್ನೊಬ್ಬರು ಹಿಡಿಯಬೇಕು. ಮಗು "ನಾನು ಮಾಡಿದ್ದಕ್ಕೆ ಅವ್ವ ತಿರುಗಿ ಮಾಡಿದಳು" ಅಂತ ಕಲಿಯೋದು ಅಲ್ಲೇ.

ಮೊಬೈಲಿನಲ್ಲಿ ರೈಮ್ಸ್ ಹಾಕಿಕೊಟ್ಟರೆ ಸಾಲದಾ? ಅದು ಕುಣಿಯುತ್ತೆ, ಖುಷಿಯಾಗಿರುತ್ತೆ.

ಸಾಲದು. ಮೊಬೈಲು ಕಾಯಲ್ಲ. ನಿಮ್ಮ ಮಗು ನಡುವೆ ನಿಂತು ಏನೋ ಒಂದು ಸದ್ದು ಮಾಡಿ ನಿಮ್ಮ ಮುಖ ನೋಡುತ್ತದೆ. ನೀವಾದರೆ ಹಾಡು ನಿಲ್ಲಿಸಿ ಅದೇ ಸದ್ದು ಮಾಡುತ್ತೀರಿ. ಮೊಬೈಲು ಮುಂದಿನ ಸಾಲಿಗೆ ಹೋಗಿಬಿಟ್ಟಿರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ: ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ತಾಸು ಮೀರಬಾರದು, ಕಡಿಮೆ ಆದಷ್ಟೂ ಒಳ್ಳೆಯದು. ಅಡುಗೆ ಹೊತ್ತಲ್ಲಿ ಕೈಗೆ ಫೋನ್ ಕೊಡುವ ಅವ್ವಂದಿರನ್ನು ನಾನು ಬೈಯಲ್ಲ. ಒಬ್ಬಳೇ ಮನೆ ನಡೆಸುವವಳ ಕಷ್ಟ ನನಗೆ ಗೊತ್ತು. ಫೋನಿನಲ್ಲಿ ಹಾಡು ಹಾಕಿ, ಪರದೆ ಕವುಚಿ ಇಡಿ, ಬರೀ ಕೇಳಿಸಲಿ. ಜೊತೆಗೆ ನೀವೂ ಒಂದೆರಡು ಸಾಲು ಸೇರಿಸಿ. ಅಷ್ಟಾದರೂ ಬಹಳ ವ್ಯತ್ಯಾಸ ಆಗುತ್ತೆ.

ಯಾವ ಹಾಡು ಹೇಳಬೇಕು? ನನಗೆ ಮಕ್ಕಳ ಹಾಡೇ ಗೊತ್ತಿಲ್ಲ.

ಮಕ್ಕಳ ಹಾಡೇ ಆಗಬೇಕಿಲ್ಲ. ಪಲ್ಲವಿ ಪದೇ ಪದೇ ತಿರುಗಿ ಬರುವ ಹಾಡು ಯಾವುದಾದರೂ ಸರಿ. ಈ ವಿಷಯದಲ್ಲಿ ನಮ್ಮ ಕಡೆಯವರು ನಿಜಕ್ಕೂ ಪುಣ್ಯವಂತರು. ತತ್ವಪದ ಕಟ್ಟಿ ಹಾಡಿದ ಕಡಕೋಳ ಮಡಿವಾಳಪ್ಪನವರ ನೆಲ ಇದು. ಏಕತಾರಿ ಹಿಡಿದು, ದಮ್ಮಡಿ ಬಡಿದು ಹೇಳುವ ತತ್ವಪದ ಊರೂರಲ್ಲಿ ಇದೆ. ಅಮಾವಾಸ್ಯೆಯ ರಾತ್ರಿ ಮಠ-ಗುಡಿಗಳಲ್ಲಿ ಭಜನೆ ನಡೆಯುತ್ತದೆ. ಮೊಹರಂನಲ್ಲಿ ಅಲಾಯಿ ಮುಂದೆ ಹಿಂದೂ ಮುಸ್ಲಿಮ್ ಅನ್ನದೆ ರಿವಾಯತ್ ಪದ ಹೇಳಿ ಹೆಜ್ಜೆ ಹಾಕುತ್ತಾರೆ. ಆಷಾಢದ ಮಂಗಳವಾರ ಹುಡುಗಿಯರು ಮಣ್ಣಿನ ಗುಳ್ಳವ್ವ ಮಾಡಿ ಹಾಡುತ್ತಾರೆ, ಪಂಚಮಿಗೆ ಜೋಕಾಲಿ ಹಾಡು, ಗೌರಿ ಹುಣ್ಣಿಮೆಗೆ ಕೋಲಾಟ. ಬೀಸುವ ಪದ, ಕುಟ್ಟುವ ಪದ, ಸೋಬಾನೆ ಇವೆಲ್ಲ ನಿಮ್ಮ ಆಯಿಗೆ ಬರುತ್ತವೆ, ಒಮ್ಮೆ ಕೇಳಿ ನೋಡಿ. "ನಂಗೇನ್ ಬರ್ತದವ್ವಾ" ಅಂತ ಮೊದಲು ಅಂದರೂ ಮೊಮ್ಮಗುವನ್ನು ತೊಡೆ ಮೇಲೆ ಕೂರಿಸಿದರೆ ತಾನಾಗೇ ಬಾಯಿಗೆ ಬರುತ್ತದೆ.

ಇವುಗಳಲ್ಲಿ ಬಹುಪಾಲು ಹಾಡುಗಳ ಕಟ್ಟು ಒಂದೇ. ಒಬ್ಬರು ಮುಂದೆ ಹೇಳುತ್ತಾರೆ, ಉಳಿದವರು ಹಿಂದೆ ಎತ್ತಿಕೊಳ್ಳುತ್ತಾರೆ. ಮುಮ್ಮೇಳ, ಹಿಮ್ಮೇಳ. ಗೀಗೀ ಪದದಲ್ಲಿ ಹಿಮ್ಮೇಳದವರು ಗೀಯ ಗೀಯ ಅಂತ ಎಳೆಯುತ್ತಾರಲ್ಲ, ಅದು ಎರಡು ವರ್ಷದ ಮಗುವಿಗೂ ಬರುತ್ತೆ. ಮಗುವನ್ನು ಹಿಮ್ಮೇಳಕ್ಕೆ ಕೂರಿಸಿ. ಸ್ವಲ್ಪ ದಿನ ಆದ ಮೇಲೆ ಮುಮ್ಮೇಳ ಅದಕ್ಕೇ ಬಿಟ್ಟುಕೊಡಿ, ನೀವು ಹಿಂದೆ ಹೇಳಿ. ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವನ ಮಾತನ್ನು ಮನೆಮಂದಿಯೆಲ್ಲ ಎತ್ತಿ ಹಾಡುವಾಗ ಆ ಮಗುವಿನ ಮುಖ ನೋಡಬೇಕು.

ಸಿನಿಮಾ ಹಾಡು ಹೇಳಿದರೆ ತಪ್ಪಾ ಅಂತ ಕೇಳುತ್ತಾರೆ. ತಪ್ಪಿಲ್ಲ. ಮಗುವಿನ ಬಾಯಲ್ಲಿ ಬಂದರೆ ನಿಮಗೆ ಮುಜುಗರ ಆಗುವಂಥ ಸಾಹಿತ್ಯ ಇರದಿದ್ದರೆ ಸಾಕು. ನೀವೇ ಹೆಣೆದ ಹಾಡಂತೂ ಎಲ್ಲಕ್ಕಿಂತ ಒಳ್ಳೆಯದು. ಮಗುವಿನ ಹೆಸರು, ಮನೆಯ ಎಮ್ಮೆ, ಮುತ್ಯಾನ ಕೋಲು, ಏನು ಬೇಕಾದರೂ ಸೇರಿಸಿ.

ನಮ್ಮ ಮನೆಯಲ್ಲಿ ಎರಡು ಮೂರು ಭಾಷೆ. ಯಾವ ಭಾಷೆಯಲ್ಲಿ ಹಾಡಲಿ? ಇಂಗ್ಲಿಷ್ ರೈಮ್ಸ್ ಹೇಳದಿದ್ದರೆ ಮುಂದೆ ಹಿಂದೆ ಬೀಳಲ್ವಾ?

ನಿಮಗೆ ಬಾಲ್ಯದಲ್ಲಿ ಯಾರೋ ಹಾಡಿದ ಭಾಷೆಯಲ್ಲಿ ಹಾಡಿ. ಔರಾದ, ಭಾಲ್ಕಿ ಕಡೆ ಮರಾಠಿ, ಗುರುಮಠಕಲ್ ಕಡೆ ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಎಲ್ಲ ಕಡೆ ದಖನಿ ಉರ್ದು. ಕಲಬುರಗಿ, ಬೀದರ, ಯಾದಗಿರಿ, ನಮ್ಮ ಈ ಮೂರೂ ಜಿಲ್ಲೆಗಳ ಮಕ್ಕಳು ಓಣಿಗೆ ಕಾಲಿಟ್ಟರೆ ಸಾಕು, ಎರಡು ಭಾಷೆ ಕಿವಿಗೆ ಬೀಳುತ್ತವೆ. ಅದರಿಂದ ಮಕ್ಕಳಿಗೆ ಗೊಂದಲ ಆಗಲ್ಲ. ದಖನಿಯಲ್ಲಿ ಹೆಂಗಸರು ಬೀಸುವಾಗ ಹೇಳುತ್ತಿದ್ದ ಚಕ್ಕಿನಾಮಾ, ಕೂಸು ತೂಗುವಾಗ ಹೇಳುತ್ತಿದ್ದ ಲೋರಿನಾಮಾ ಅಂತ ಸೂಫಿ ಪದಗಳ ದೊಡ್ಡ ಪರಂಪರೆಯೇ ಇದೆ. ಅಂದರೆ ಬೀಸುವ ಕಲ್ಲು ಮತ್ತು ತೊಟ್ಟಿಲು ಇದ್ದ ಕಡೆಯೆಲ್ಲ, ಯಾವ ಮನೆಯಾದರೇನು, ಹಾಡು ಇತ್ತು.

ಇಂಗ್ಲಿಷ್ ರೈಮ್ಸ್ ಶಾಲೆಯಲ್ಲಿ ಹೇಗೂ ಬರುತ್ತವೆ. ಆಯಿಯ ಹಾಡು ಶಾಲೆಯಲ್ಲಿ ಸಿಗಲ್ಲ.

ನಮಗೆ ಟೈಮೇ ಇಲ್ಲ. ದಿನಕ್ಕೆ ಎಷ್ಟು ಹೊತ್ತು ಬೇಕು?

ಬೇರೆ ಟೈಮ್ ತೆಗೆಯಬೇಡಿ. ಇರುವ ಕೆಲಸಕ್ಕೇ ಹಾಡು ಸೇರಿಸಿ. ಎರೆಯುವಾಗ ಒಂದು, ಉಣಿಸುವಾಗ ಒಂದು, ಮಲಗಿಸುವಾಗ ಒಂದು. ಪ್ರತಿ ಕೆಲಸಕ್ಕೂ ಅದೇ ಹಾಡು ಇರಲಿ. ಸ್ವಲ್ಪ ದಿನದಲ್ಲಿ ಹಾಡು ಕೇಳಿದ ಕೂಡಲೇ ಮಗು ತಾನೇ ಆ ಕೆಲಸಕ್ಕೆ ತಯಾರಾಗುತ್ತದೆ. ತಲೆಗೆ ನೀರು ಹಾಕಿದರೆ ಕಿರುಚುವ ಮಕ್ಕಳಿಗೆ ಇದು ಬಹಳ ಉಪಯೋಗ, ಯಾಕೆಂದರೆ ಹಾಡು ಯಾವಾಗ ಮುಗಿಯುತ್ತೆ ಅಂತ ಅವಕ್ಕೆ ಗೊತ್ತಿರುತ್ತದೆ.

ರೊಟ್ಟಿ ಹೊತ್ತು ನನಗೆ ಎಲ್ಲಕ್ಕಿಂತ ಇಷ್ಟ. ಜೋಳದ ರೊಟ್ಟಿ ಬಡಿಯುವ ಸದ್ದು ಗಮನಿಸಿ ಕೇಳಿದ್ದೀರಾ? ಪಟ್ ಪಟ್ ಪಟ್ ಅಂತ ಒಂದೇ ಸಮ ಹೋಗಿ, ರೊಟ್ಟಿ ಸ್ವಲ್ಪ ತಿರುಗಿಸುವಾಗ ಚಿಕ್ಕ ತಡೆ, ಮತ್ತೆ ಪಟ್ ಪಟ್ ಪಟ್. ರೊಟ್ಟಿ ಅಗಲ ಆದ ಹಾಗೆ ಸದ್ದು ತೆಳ್ಳಗಾಗುತ್ತದೆ. ಒಂದು ಮನೆಯಲ್ಲಿ ಆಯಿ ರೊಟ್ಟಿಗೆ ಕೂತರೆ ಒಂದೂವರೆ ವರ್ಷದ ಮೊಮ್ಮಗ ಓಡಿ ಬಂದು ಎದುರಿಗೆ ಕೂರುತ್ತಾನೆ. ಅವನಿಗೂ ಒಂದು ಸಣ್ಣ ಹಿಟ್ಟಿನ ಉಂಡೆ. ಆಯಿ ಮೂರು ಸಲ ಬಡಿದು ಕೈ ಎತ್ತಿ ನಿಲ್ಲಿಸುತ್ತಾಳೆ, ಅವನ ಕಡೆ ನೋಡುತ್ತಾಳೆ. ಅವನು ಮೂರೋ ಐದೋ ಬಡಿಯುತ್ತಾನೆ, ಹಿಟ್ಟು ಮೂಗಿಗೆಲ್ಲ ಹತ್ತಿರುತ್ತದೆ. ಆಯಿ ಮತ್ತೆ ಶುರು ಮಾಡುತ್ತಾಳೆ. ಹಂಚು, ಒಲೆ ಮಗುವಿನ ಕೈಗೆ ಸಿಗದಷ್ಟು ದೂರ ಇರಲಿ, ಅದೊಂದು ಎಚ್ಚರ ಬೇಕು.

ಬೇಸಿಗೆಯಲ್ಲಿ ನಮ್ಮಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ, ಮಧ್ಯಾಹ್ನ ಮಕ್ಕಳನ್ನು ಹೊರಗೆ ಬಿಡೋ ಹಾಗಿಲ್ಲ. ಕರೆಂಟೂ ಹೋಗಿರುತ್ತದೆ. ಅದಕ್ಕಿಂತ ಒಳ್ಳೆಯ ಟೈಮ್ ಯಾವುದಿದೆ ಹೇಳಿ.

ವಾದ್ಯ ತರಬೇಕಾ?

ಬೇಡ. ತಾಟು, ಬೋಗೋಣಿ, ಚಮಚ, ಖಾಲಿ ಡಬ್ಬಿ ಸಾಕು.

ಒಂದು ಆಟ ಹೇಳುತ್ತೇನೆ. ಚಿಕ್ಕ ಪ್ಲಾಸ್ಟಿಕ್ ಬಾಟಲಿ ಮೂರು ತಗೊಳ್ಳಿ. ಒಂದಕ್ಕೆ ತೊಗರಿ, ಒಂದಕ್ಕೆ ಜೋಳ, ಒಂದಕ್ಕೆ ರವಾ ಹಾಕಿ. ಮುಚ್ಚಳ ಗಟ್ಟಿಯಾಗಿ ತಿರುಗಿಸಿ ಮೇಲೆ ಟೇಪ್ ಸುತ್ತಿ. ಇದನ್ನು ಬಿಡಲೇಬೇಡಿ, ಕಾಳು ಹೊರಗೆ ಬಂದರೆ ಮಗುವಿನ ಗಂಟಲಿಗೋ ಮೂಗಿಗೋ ಹೋಗುತ್ತದೆ. ತೊಗರಿ ಗಡಗಡ ಅನ್ನುತ್ತದೆ, ಜೋಳ ಅದಕ್ಕಿಂತ ಸಣ್ಣ ಸದ್ದು, ರವಾ ಮಳೆ ಹನಿದ ಹಾಗೆ. ಮೂರು ವರ್ಷದ ಮಗುವಿಗೆ ಕಣ್ಣು ಮುಚ್ಚಿಸಿ ಇದು ಯಾವುದು ಹೇಳು ಅನ್ನಿ. ಆಮೇಲೆ ನೀವು ಕಣ್ಣು ಮುಚ್ಚಿ, ಅದು ಅಲುಗಾಡಿಸಲಿ.

ಇನ್ನೂ ಕೂಸಾಗಿದ್ದರೆ ತೊಡೆಯೇ ವಾದ್ಯ. ತೊಡೆ ಮೇಲೆ ಕೂರಿಸಿ ತಾಳಕ್ಕೆ ಸರಿಯಾಗಿ ಕುಣಿಸಿ. ಏಳು ತಿಂಗಳ ಕೂಸುಗಳನ್ನು ಒಂದೇ ಬಡಿತಕ್ಕೆ ಕೆಲವರನ್ನು ಎರಡರ ಲೆಕ್ಕದಲ್ಲಿ, ಕೆಲವರನ್ನು ಮೂರರ ಲೆಕ್ಕದಲ್ಲಿ ಕುಣಿಸಿ ನೋಡಿದ್ದಾರೆ. ಆಮೇಲೆ ಎರಡು ಬಗೆಯ ತಾಳ ಕೇಳಿಸಿದಾಗ, ತಮ್ಮನ್ನು ಕುಣಿಸಿದ ಲೆಕ್ಕದ ತಾಳವನ್ನೇ ಕೂಸುಗಳು ಹೆಚ್ಚು ಹೊತ್ತು ಕೇಳಿದವು. 2005ರ ಅಧ್ಯಯನ ಇದು. ತಾಳವನ್ನು ಮಕ್ಕಳು ಕಿವಿಯಿಂದ ಮಾತ್ರ ಅಲ್ಲ, ಮೈಯಿಂದಲೂ ಕೇಳುತ್ತಾರೆ.

ಒಂದೇ ಹಾಡನ್ನು ಮತ್ತೆ ಮತ್ತೆ ಹೇಳು ಅಂತ ಹಟ ಮಾಡುತ್ತೆ. ನನಗೆ ಸಾಕಾಗಿ ಹೋಗಿದೆ.

ಗೊತ್ತಿರೋದು ಗೊತ್ತಿರೋ ಹಾಗೇ ಬಂದರೆ ಮಕ್ಕಳಿಗೆ ಧೈರ್ಯ. ಹಾಡು ಬದಲಿಸಬೇಡಿ, ಹೇಳುವ ರೀತಿ ಬದಲಿಸಿ. ಒಮ್ಮೆ ಪಿಸುದನಿಯಲ್ಲಿ, ಒಮ್ಮೆ ಮುತ್ಯಾನ ದಪ್ಪ ದನಿಯಲ್ಲಿ. ಸಾಲಿನ ಕೊನೆಯ ಪದ ಹೇಳದೆ ನಿಲ್ಲಿಸಿ, ಮಗು ಅದನ್ನು ತುಂಬುವ ತನಕ ಕಾಯಿರಿ. ನಮ್ಮ ದೊಡ್ಡವರ ತೊಂದರೆ ಏನಂದರೆ ಎರಡು ಸೆಕೆಂಡಿನಲ್ಲಿ ನಾವೇ ಹೇಳಿಬಿಡುತ್ತೇವೆ. ಮಗುವಿಗೆ ಅಷ್ಟು ಬೇಗ ಆಗಲ್ಲ. ಮನಸ್ಸಿನಲ್ಲೇ ಹತ್ತು ಎಣಿಸಿ.

ಮಗು ಕಿವಿ ಮುಚ್ಚಿಕೊಳ್ಳುತ್ತೆ, "ಹಾಡಬ್ಯಾಡ" ಅನ್ನುತ್ತೆ.

ಹಾಗಾದರೆ ನಿಲ್ಲಿಸಿ. ಬೇಡ ಅಂದಾಗ ನೀವು ನಿಲ್ಲಿಸಿದಿರಿ ಅನ್ನೋದೂ ನಂಬಿಕೆಯೇ. ಹಸಿವು, ನಿದ್ದೆ, ಜ್ವರ ಇದ್ದಾಗ ಯಾವ ಹಾಡೂ ಹಿಡಿಸಲ್ಲ. ಕೆಲವು ಮಕ್ಕಳಿಗೆ ಜೋರು ದನಿ ಆಗಲ್ಲ, ಅಂಥವರಿಗೆ ಬಾಯಿ ಮುಚ್ಚಿ ಗುನುಗಿದರೆ ಸಾಕು. ಎಲ್ಲಾ ಸದ್ದಿಗೂ, ಮಿಕ್ಸರ್‌ಗೂ ಕುಕ್ಕರ್ ಸೀಟಿಗೂ, ಯಾವಾಗಲೂ ತುಂಬಾ ಗಾಬರಿ ಬೀಳುತ್ತಿದ್ದರೆ ಮಕ್ಕಳ ಡಾಕ್ಟರಿಗೆ ಒಮ್ಮೆ ತೋರಿಸಿ.

ಇಲ್ಲೇ ಒಂದು ಮಾತು ಸಿಟ್ಟಿನಿಂದಲೇ ಹೇಳುತ್ತೇನೆ. ಮದುವೆ ಮೆರವಣಿಗೆಯಲ್ಲಿ, ಗಣಪತಿ ಕಳಿಸುವಾಗ ಡಿಜೆ ಪೆಟ್ಟಿಗೆಯ ಮುಂದೆ ಕೂಸನ್ನು ಹೆಗಲ ಮೇಲೆ ಹೊತ್ತು ಕುಣಿಯಬೇಡಿ. ಎಂಬತ್ತೈದು ಡೆಸಿಬಲ್ ಮೀರಿದ ಸದ್ದು ತುಂಬಾ ಹೊತ್ತು ಬಿದ್ದರೆ ದೊಡ್ಡವರ ಕಿವಿಗೇ ಪೆಟ್ಟು, ಡಿಜೆ ಅದಕ್ಕಿಂತ ಎಷ್ಟೋ ಪಾಲು ಜೋರು. ಒಳಗಿವಿಯಲ್ಲಿ ಸದ್ದು ಹಿಡಿಯುವ ಸೂಕ್ಷ್ಮ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟಲ್ಲ. ಶರಣಬಸವೇಶ್ವರರ ತೇರಿಗೆ ಕರೆದುಕೊಂಡು ಹೋಗಿ, ಉರುಸಿನಲ್ಲಿ ಕವ್ವಾಲಿ ಕೇಳಿಸಿ, ಮೈಲಾಪುರದ ಮಲ್ಲಯ್ಯನ ಜಾತ್ರೆಯಲ್ಲಿ ಡೊಳ್ಳು ನೋಡಲಿ, ಬೀದರಿನ ನಾನಕ್ ಝೀರಾ ಗುರುದ್ವಾರದಲ್ಲಿ ಕೀರ್ತನೆ ಕೇಳಲಿ. ಸ್ಪೀಕರಿನಿಂದ ಮಾತ್ರ ದೂರ ನಿಲ್ಲಿ.

ಅವರು ಪುಣೆಯಲ್ಲಿ ಕೆಲಸಕ್ಕಿದ್ದಾರೆ. ಮಗು ಅಪ್ಪನನ್ನು ಫೋನಿನಲ್ಲೇ ನೋಡೋದು. ಏನಾದರೂ ಮಾಡಬಹುದಾ?

ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ದುಡಿಯೋಕೆ ಹೋದವರ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಖಂಡಿತ ಮಾಡಬಹುದು.

ವಿಡಿಯೋ ಕಾಲಿನಲ್ಲಿ ಇಬ್ಬರೂ ಒಟ್ಟಿಗೇ ಹಾಡೋಕೆ ಹೋಗಬೇಡಿ. ದನಿ ಹೋಗಿ ಬರೋದು ಸ್ವಲ್ಪ ತಡ ಆಗುತ್ತದೆ, ತಾಳ ಕೂಡಲ್ಲ, ಮಗು ರೇಗುತ್ತದೆ. ಸರದಿ ಮೇಲೆ ಹಾಡಿ. ಅಪ್ಪ ಒಂದು ಸಾಲು, ಮಗು ಒಂದು ಸಾಲು. ಇಲ್ಲಾಂದ್ರೆ ಅಪ್ಪ ಹಾಡಲಿ, ಇಲ್ಲಿ ಅವ್ವನ ಕೈ ಹಿಡಿದು ಮಗು ಕುಣಿಯಲಿ, ಅಪ್ಪ ನೋಡಿ ನಗಲಿ.

ಮಲಗುವ ಹಾಡನ್ನು ಅಪ್ಪನ ದನಿಯಲ್ಲಿ ರೆಕಾರ್ಡ್ ಮಾಡಿ ಕಳಿಸಲಿ, ಮಗುವಿನ ಹೆಸರು ಅದರಲ್ಲಿ ಬರಲಿ. ಅವರು ಊರಿಗೆ ಬಂದಾಗ ಅದೇ ಹಾಡನ್ನು ಎದುರಿಗೆ ಕೂತು ಹೇಳಬೇಕು, ಇದು ಮುಖ್ಯ. ತಿಂಗಳುಗಟ್ಟಲೆ ಆದ ಮೇಲೆ ಬಂದ ಅಪ್ಪನನ್ನು ಕಂಡು ಕೂಸು ಅವ್ವನ ಸೆರಗಿನ ಹಿಂದೆ ಅಡಗಿಕೊಳ್ಳುತ್ತದೆ, ಅಪ್ಪನಿಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಎತ್ತಿಕೊಳ್ಳೋಕೆ ಅವಸರ ಮಾಡದೆ, ಸ್ವಲ್ಪ ದೂರ ಕೂತು ಆ ಹಾಡು ಶುರು ಮಾಡಲಿ. ಆ ದನಿ ಮಗುವಿಗೆ ಗೊತ್ತಿದೆ.

ಹೆರಿಗೆ ಆದಾಗಿನಿಂದ ಮನಸ್ಸೇ ಸರಿ ಇಲ್ಲ. ಕೂಸನ್ನು ನೋಡಿದರೂ ಏನೂ ಅನಿಸಲ್ಲ. ಹಾಡೋದು ಎಲ್ಲಿಂದ ಬರಬೇಕು?

ಮೊದಲು ಇದು ನಿಮ್ಮ ತಪ್ಪಲ್ಲ ಅಂತ ತಿಳಿಯಿರಿ. ಬಾಣಂತಿಯರಿಗೆ ಖಿನ್ನತೆ ಬರುತ್ತದೆ, ಅದಕ್ಕೆ ಔಷಧಿ ಇದೆ, ಚಿಕಿತ್ಸೆ ಇದೆ. ಡಾಕ್ಟರ್ ಹತ್ತಿರ, ಆಶಾ ಕಾರ್ಯಕರ್ತೆಯ ಹತ್ತಿರ ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ದುಡ್ಡಿಲ್ಲದೆ ಫೋನ್ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ.

ಲಂಡನ್ನಿನಲ್ಲಿ ಇಂಥ ತಾಯಂದಿರನ್ನು ಕೂಸುಗಳ ಸಮೇತ ಹತ್ತು ವಾರ ಗುಂಪಾಗಿ ಹಾಡಿಸಿದ ಅಧ್ಯಯನ 2018ರಲ್ಲಿ ಬಂದಿದೆ. ಖಿನ್ನತೆ ಜೋರಾಗಿದ್ದವರಲ್ಲಿ, ಹಾಡಿದವರು ಉಳಿದವರಿಗಿಂತ ಬೇಗ ಚೇತರಿಸಿಕೊಂಡರು. ಅದು ಚಿಕಿತ್ಸೆಯ ಬದಲಿಗೆ ಅಲ್ಲ, ಚಿಕಿತ್ಸೆಯ ಜೊತೆಗೆ. ಒಬ್ಬಳೇ ಕೂತು ಹಾಡು ಅಂತ ನಾನು ಯಾವ ಬಾಣಂತಿಗೂ ಹೇಳಲ್ಲ. ಅಕ್ಕ-ತಂಗಿಯರನ್ನೋ ಓಣಿಯ ನಾಲ್ಕು ಜನರನ್ನೋ ಕರೆಯಿರಿ. ಅವರು ಹಾಡಲಿ, ನೀವು ಕೂಸನ್ನು ಮಡಿಲಲ್ಲಿಟ್ಟುಕೊಂಡು ಸುಮ್ನೆ ಕೂತರೂ ಸಾಕು. ಮನೆಯವರು ಇದನ್ನು ಓದುತ್ತಿದ್ದರೆ ಕರೆಯುವ ಕೆಲಸ ನಿಮ್ಮದು.

ನಮ್ಮ ಮಗುವಿಗೆ ಕಿವಿ ಕೇಳಿಸಲ್ಲ. ನಾವು ಇದನ್ನೆಲ್ಲ ಬಿಟ್ಟುಬಿಡಬೇಕಾ?

ಬಿಡಬೇಡಿ. ಲಯ ಮೈಗೆ ತಟ್ಟುತ್ತದೆ. ಎದೆಗೆ ಆನಿಸಿಕೊಂಡು ಗುನುಗಿದರೆ ಎದೆಯ ಕಂಪನ ಮಗುವಿಗೆ ಗೊತ್ತಾಗುತ್ತದೆ. ಊದಿದ ಬಲೂನು ಕೈಯಲ್ಲಿ ಹಿಡಿಸಿ ಹತ್ತಿರ ಡೊಳ್ಳೋ ಡಬ್ಬಿಯೋ ಬಾರಿಸಿ. ಕೈಸನ್ನೆಯಲ್ಲೇ ಹಾಡು ಕಟ್ಟಿ. ಕೂಸು ಜೋರು ಸದ್ದಿಗೂ ಬೆಚ್ಚಿ ಬೀಳುತ್ತಿಲ್ಲ, ಕರೆದರೆ ತಿರುಗುತ್ತಿಲ್ಲ ಅನ್ನಿಸಿದರೆ ಮಾತ್ರ ದೊಡ್ಡದಾಗಲಿ ನೋಡೋಣ ಅಂತ ಕಾಯಬೇಡಿ. ಬೇಗ ಗೊತ್ತಾದಷ್ಟೂ ಮಾಡಬಹುದಾದದ್ದು ಜಾಸ್ತಿ.

ಸಂಗೀತ ಕೇಳಿಸಿದರೆ ಮಗುವಿನ ಬುದ್ಧಿ ಚುರುಕಾಗುತ್ತಂತೆ, ಹೌದಾ?

ಈ ಮಾತಿನ ಮೂಲ 1993ರ ಒಂದು ಅಮೆರಿಕದ ಅಧ್ಯಯನ. ಅದರಲ್ಲಿ ಇದ್ದವರು ಕಾಲೇಜು ಹುಡುಗರು, ಕೂಸುಗಳಲ್ಲ. ಮೊಜಾರ್ಟನ ಸಂಗೀತ ಕೇಳಿದ ಮೇಲೆ ಆಕಾರಗಳನ್ನು ಮನಸ್ಸಿನಲ್ಲೇ ಮಡಚಿ ನೋಡುವ ಒಂದು ಬಗೆಯ ಪರೀಕ್ಷೆಯಲ್ಲಿ ಹತ್ತು ಹದಿನೈದು ನಿಮಿಷ ಸ್ವಲ್ಪ ಮುಂದಿದ್ದರು, ಅಷ್ಟೇ. ಅದನ್ನೇ ಹಿಡಿದು ಸಿಡಿ ಮಾರಿದವರು ಬಹಳ ದುಡ್ಡು ಮಾಡಿಕೊಂಡರು. ಬುದ್ಧಿಯ ಆಸೆಗೆ ಹಾಡಬೇಡಿ. ಮಗುವನ್ನು ಪರೀಕ್ಷೆ ಮಾಡುವ ಕಣ್ಣಿನಿಂದ ನೋಡುತ್ತಾ ಹಾಡಿದರೆ ಅದಕ್ಕೆ ತಕ್ಷಣ ಗೊತ್ತಾಗುತ್ತದೆ.

ಕ್ಲಾಸಿಗೆ ಯಾವಾಗ ಹಾಕಬೇಕು?

ಮಗು ತಾನಾಗಿ ಕೇಳಿದಾಗ. ಐದಾರು ವರ್ಷದವರೆಗೆ ಮನೆಯೇ ಸಾಕು. ಹಾಡು ಕಲಿಸಿ ಹೊಟ್ಟೆ ಹೊರೆಯುವವಳೇ ಇದನ್ನು ಹೇಳುತ್ತಿದ್ದೇನೆ. ಕ್ಲಾಸಿಗೆ ಹಾಕಿದ ಮೇಲೆ ಮನೆಯಲ್ಲಿ ಹಾಡೋದು ನಿಲ್ಲಿಸುವ ತಂದೆ-ತಾಯಿಯರೇ ಜಾಸ್ತಿ, ಅದು ನನಗೆ ಬಹಳ ಬೇಜಾರು.

ಮಗ ಈಗ ದೊಡ್ಡವನಾದ. ನಮ್ಮ ಜೊತೆ ಹಾಡು ಅಂದರೆ ನಾಚಿಕೆ. ಇನ್ನು ಆಗಲ್ವಾ?

ಆಗುತ್ತೆ, ರೂಪ ಬೇರೆ ಇರುತ್ತೆ. ಅಮೆರಿಕದ ಅರಿಜೋನಾದಲ್ಲಿ 2018ರಲ್ಲಿ ಕಾಲೇಜು ವಯಸ್ಸಿನವರನ್ನು ಕೇಳಿ ನೋಡಿದರು. ಬಾಲ್ಯದಲ್ಲೂ ಹದಿವಯಸ್ಸಿನಲ್ಲೂ ಅಪ್ಪ-ಅಮ್ಮನ ಜೊತೆ ಹಾಡು ಕೇಳಿದ್ದನ್ನು, ಹಾಡಿದ್ದನ್ನು ನೆನಪಿಟ್ಟುಕೊಂಡವರು ತಮ್ಮ ತಂದೆ-ತಾಯಿ ಜೊತೆಗಿನ ಸಂಬಂಧ ಚೆನ್ನಾಗಿದೆ ಅಂದರು. ಹದಿವಯಸ್ಸಿನ ನೆನಪಿಗೆ ಇನ್ನೂ ಹೆಚ್ಚಿನ ಬಲ ಕಂಡಿತು.

ಅದಕ್ಕೇ ಅವನನ್ನು ಹಾಡು ಅನ್ನಬೇಡಿ. ಅವನು ಕೇಳುವ ಹಾಡನ್ನು ನಿಮಗೆ ಕೇಳಿಸು ಅನ್ನಿ. ಮುಖ ಕಿವುಚಬೇಡಿ, "ನಮ್ಮ ಕಾಲದ ಹಾಡು ಅಂದ್ರ…" ಅಂತ ಶುರು ಮಾಡಬೇಡಿ. ಬಸ್ಸಿನಲ್ಲಿ ಊರಿಗೆ ಹೋಗುವಾಗ ಇಯರ್‌ಫೋನಿನ ಒಂದು ಕಡೆ ಅವನ ಕಿವಿಗೆ, ಇನ್ನೊಂದು ಕಡೆ ನಿಮ್ಮ ಕಿವಿಗೆ. ಒಂದು ಹಾಡು ಅವನದು, ಒಂದು ನಿಮ್ಮದು. ಮನೆಯಲ್ಲಿ ಚಿಕ್ಕ ತಮ್ಮನೋ ತಂಗಿಯೋ ಇದ್ದರೆ ಮಲಗಿಸುವ ಕೆಲಸ ಅವನಿಗೆ ವಹಿಸಿ ನೋಡಿ. ನೀವು ಎದುರಿಗಿದ್ದರೆ ಅವನು ಬಾಯಿ ಬಿಡಲ್ಲ, ಸ್ವಲ್ಪ ಹೊತ್ತು ಆ ಕಡೆ ಹೋಗಿಬಿಡಿ.